ಹಳೇ ಮಿಷನ್ನಿಗೊಂದು ರ‍್ಯಾಮ್

ಸಿಪಿಯು ಡಬ್ಬಿಯ ಪಕ್ಕದ ತಗಡು ಬಿಚ್ಚಿ ಒಳಗೆ ಕೈ ಹಾಕುವಾಗ ಎದೆ ಯಾಕೆ ಹೀಗೆ ಹೊಡೆದುಕೊಳ್ಳಬೇಕು ಎಂದು ಕೇಶರಬಾಯಿಗೆ ತಿಳಿಯಲಿಲ್ಲ. ತಾನೇನು ಕಳ್ಳತನಕ್ಕೆ ಇಳಿದಿಲ್ಲ. ಔರಾದ ಬಸ್ ನಿಲ್ದಾಣದ ಎದುರಿನ ಈ ಟೈಪಿಂಗ್ ಅಂಗಡಿ ತಮ್ಮದು, ಮಿಷನ್ನು ತಮ್ಮದು, ಸ್ಕ್ರೂ ಬಿಚ್ಚಲು ತಂದ ಚಾಕು ಸಹ ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುವ ಚಾಕು. ಆದರೂ ಶಟರ್ ಅರ್ಧ ಎಳೆದುಕೊಂಡು ಕೂತಿದ್ದಳು. ಗಂಡ ಕಾಶೀರಾಮ ಪುಣೆಗೆ ವಾಚ್‌ಮನ್ ಕೆಲಸಕ್ಕೆ ಹೋಗಿ ಒಂದು ಮಳೆಗಾಲ ಕಳೆದಿತ್ತು. ಅದನ್ನು ಮಳೆಗಾಲ ಅನ್ನುವುದಕ್ಕೂ ನಾಚಿಕೆಯಾಗಬೇಕು. ಆಕಾಶ ಆಗೀಗ ಕಪ್ಪಾಗಿ, ಜನ ಅಂಗಳಕ್ಕೆ ಬಂದು ನಿಂತದ್ದನ್ನು ನೋಡಿ ಮತ್ತೆ ಬೆಳ್ಳಗಾಗಿತ್ತು, ಅಷ್ಟೆ. ಅಷ್ಟು ದೂರ ಇದ್ದ ಗಂಡ ಈಗ ಬೆನ್ನ ಹಿಂದೆಯೇ ನಿಂತು 'ಕೈ ತೆಗಿ, ಕರೆಂಟ ಹೊಡೀತದ' ಎಂದುಬಿಡುತ್ತಾನೆ ಅನಿಸುತ್ತಿತ್ತು. ಮಿಷನ್ನಿಗೆ ಹೆಂಗಸರು ಕೈ ಹಚ್ಚಬಾರದು ಎಂಬುದು ಅವನ ಮಾತು. ಹಾಗೆ ಹೇಳುತ್ತಲೇ ಇಷ್ಟು ವರ್ಷ ಅವಳಿಂದಲೇ ಟೈಪು ಮಾಡಿಸಿದ್ದ. ಅವನಿಗೆ ಕೀಲಿಮಣೆಯ ಮೇಲೆ 'ಕ' ಎಲ್ಲಿದೆ ಎಂದು ಇವತ್ತಿಗೂ ಗೊತ್ತಿಲ್ಲ. ಗಿರಾಕಿಗಳು ಅವನ ಮುಂದೆ ಕೂರುತ್ತಿದ್ದರು, ಹೇಳಬೇಕಾದ್ದನ್ನು ಅವನಿಗೆ ಹೇಳುತ್ತಿದ್ದರು, ಅವನು ಅದನ್ನೇ ಮೊಳ ದೂರದಲ್ಲಿದ್ದ ಅವಳಿಗೆ ತಿರುಗಿ ಹೇಳುತ್ತಿದ್ದ. ಎಲ್ಲ ಮುಗಿದ ಮೇಲೆ ಜನ 'ಕಾಶೀರಾಮ ಛಲೋ ಬರದುಕೊಟ್ಟ' ಎಂದು ಹೋಗುತ್ತಿದ್ದರು. ಮೈಯ ಕರೆಂಟು ಇಳಿಯಲಿ ಎಂದು ಅವಳು ಕಿಟಕಿಯ ಕಬ್ಬಿಣದ ಸರಳನ್ನು ಒಮ್ಮೆ ಮುಟ್ಟಿದಳು, ಪ್ರಿಂಟರ್ ರಿಪೇರಿಗೆ ಬಂದವನು ಹಾಗೆ ಹೇಳಿಕೊಟ್ಟಿದ್ದ. 'ರ‍್ಯಾಮ್ ಕಮ್ಮಿ ಅದರಿ ಇದಕ್ಕ, ಇನ್ನೊಂದು ಹಾಕಿದ್ರ ಓಡ್ತದ' ಎಂದವನೂ ಅವನೇ. ಒಳಗೆ ಕಪ್ಪು ಹೊಲದ ಧೂಳು ಬೆರಳು ಹೂತುಹೋಗುವಷ್ಟು ಕೂತಿತ್ತು. ಅದರ ನಡುವಿನಿಂದ ಗೇಣಿಗೂ ಕಡಿಮೆ ಉದ್ದದ ಹಸಿರು ಪಟ್ಟಿಯನ್ನು ಕಿತ್ತು ತೆಗೆದು, ಮೇಲಿನ ಚೀಟಿಯನ್ನು ಒರೆಸಿ ಓದಿದಳು. ಡಿಡಿಆರ್ ಟೂ, ಅದು ಈ ಪಟ್ಟಿಯ ಜಾತಿ. ಪಕ್ಕದಲ್ಲಿ ಅಂಥದೇ ಇನ್ನೊಂದು ಖಾಲಿ ಸಂದು ಬಾಯಿ ತೆರೆದುಕೊಂಡಿತ್ತು. ಸೀರೆಗೆ ಮ್ಯಾಚಿಂಗ್ ರವಿಕೆ ತರಲು ಸೀರೆಯ ಚೂರು ಒಯ್ಯುವಂತೆ, ಹಳೆಯ ರ‍್ಯಾಮನ್ನು ಅರಿವೆಯಲ್ಲಿ ಸುತ್ತಿ ಪರ್ಸಿನಲ್ಲಿಟ್ಟುಕೊಂಡು ಬೀದರದ ಬಸ್ಸು ಹತ್ತಿದಳು.

ನಿನ್ನೆಯ ಅವಮಾನ ಇನ್ನೂ ಕಿವಿಯಲ್ಲೇ ಇತ್ತು. ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟ ಒಂದು ಟೆಂಪೋ ಅಂಗಡಿಯ ಮುಂದೆ ನಿಂತಿತ್ತು. ಊರು ಬಿಡುವವರಿಗೆ ಕೊನೆಯ ಗಳಿಗೆಯಲ್ಲಿ ಬೇಕಾಗುವುದು ಬುತ್ತಿಯಲ್ಲ, ಫೋಟೋ. ಅಲ್ಲಿ ಕೇಳುತ್ತಾರೆ, ಗೇಟಿನಲ್ಲಿ ಕೇಳುತ್ತಾರೆ, ಸಿಮ್ಮಿಗೆ ಕೇಳುತ್ತಾರೆ. ಪರಿಚಯದ ಮಾಣಿಕ ತನ್ನ ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿ ಫೋಟೋ ತೆಗೆಸಿದ. ಅದನ್ನು ಮಿಷನ್ನಿಗೆ ಇಳಿಸಿ ತೆರೆದದ್ದೇ ತಡ, ಹಣೆ ಮೂಡಿತು, ಹುಬ್ಬು ಮೂಡಿತು, ಮೂಗಿನ ತನಕ ಬಂದು ನಿಂತುಬಿಟ್ಟಿತು. ಕೇಶರಬಾಯಿ ಕಾದಳು. ಬಂದ್ ಮಾಡಿ ಚಾಲೂ ಮಾಡಿದಳು. ಮತ್ತೆ ಮೂಗಿನ ತನಕ. ಹೊರಗೆ ಟೆಂಪೋದವನು ಹಾರ್ನ್ ಒತ್ತುತ್ತಲೇ ಇದ್ದ. ಮಾಣಿಕ ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದಳು, ಅವನು ಕನಿಕರಪಟ್ಟ. 'ಇರ್ಲಿ ಬಿಡ್ರಿ ಬಾಯಿ, ಬೀದರದಾಗ ತಗಸ್ತೀವಿ. ಕಾಶಣ್ಣ ಇದ್ದಾಗ ಹಿಂಗ ಆಗ್ತಿರಲಿಲ್ಲ.' ಕಾಶಣ್ಣ ಇದ್ದಾಗಲೂ ಹೀಗೇ ಆಗುತ್ತಿತ್ತು, ಆದರೆ ಆಗ ಬೈಸಿಕೊಳ್ಳುತ್ತಿದ್ದದ್ದು ಮಿಷನ್ನು. ಈಗ ಅವಳು. ಟೆಂಪೋದ ಹಿಂಬದಿಯಿಂದ ಯಾರೋ 'ಮಿಷನ್ನಿಗೂ ನೀರಿಲ್ಲೇನು' ಎಂದರು, ಎಲ್ಲರೂ ನಕ್ಕರು. ಊರು ಬಿಟ್ಟು ಹೊರಟವರು, ಅಳಬೇಕಾದವರು, ತನ್ನನ್ನು ನೋಡಿ ನಗುವಂತಾಯಿತಲ್ಲ ಎಂದು ಅವಳ ಮೈ ಉರಿಯಿತು. ಸಂಜೆ ಪುಣೆಯಿಂದ ಫೋನು ಬಂತು. ಸುದ್ದಿ ಹೇಗೋ ಅವನಿಗೆ ಮುಟ್ಟಿತ್ತು. ಕಾಶೀರಾಮ ನಿಧಾನವಾಗಿ, ಬಹಳ ದಿನದಿಂದ ಮನಸ್ಸಿನಲ್ಲೇ ಕೂಡಿಸಿಟ್ಟ ಮಾತನ್ನು ಹೇಳುವವನಂತೆ ಹೇಳಿದ. 'ಐತಾರ ಬರ್ತೇನಿ. ಮಿಷನ್ ನೆಟ್ಟಗ ನಡೀತಿದ್ರ ನೀ ಅಲ್ಲೇ ಇರು, ನಾ ಏನೂ ಅನ್ನಂಗಿಲ್ಲ. ಇಲ್ಲಂದ್ರ ಗುಜರಿಗೆ ಹಾಕಿ ಅಂಗಡಿ ಬಿಟ್ಟುಕೊಟ್ಟು ನನ್ನ ಕೂಡ ಬಾ. ಇಲ್ಲಿ ಬಿಲ್ಡಿಂಗಿನ ಮೆಟ್ಟಲದ ಪಾವಟಗಿ ಒರಸೋ ಕೆಲಸ ನಿನಗಂತ ಮಾತಾಡಿ ಇಟ್ಟೇನಿ. ಮೀಟರ್ ಬೋರ್ಡಿನ ಬಾಜೂಕ ರೂಮ್ ಅದ.' ಅವಳು ಹೂಂ ಎಂದಿದ್ದಳು. ಮಗಳನ್ನು ಕಮಲನಗರಕ್ಕೆ ಕೊಟ್ಟಾಗಿತ್ತು, ಬೇಡ ಎನ್ನಲು ಬೇರೆ ಕಾರಣಗಳೇ ಇರಲಿಲ್ಲ. ಇದ್ದ ಕಾರಣ ಒಂದೇ, ಮೂಗಿನ ತನಕ ಬಂದು ನಿಲ್ಲುವ ಈ ಮಿಷನ್ನು.

ಕೌಠಾದ ಸೇತುವೆಯ ಮೇಲೆ ಬಸ್ಸು ಹೋಗುವಾಗ ಎಲ್ಲರೂ ಅಭ್ಯಾಸಬಲದಿಂದ ಕೆಳಗೆ ಇಣುಕಿದರು. ಮಾಂಜ್ರಾ ಹೊಳೆಯಲ್ಲಿ ನೀರಿರಲಿಲ್ಲ, ಟ್ರ್ಯಾಕ್ಟರಿನ ಗಾಲಿ ಓಡಾಡಿದ ಗುರುತಿತ್ತು. ಕೇಶರಬಾಯಿ ಮುಖ ತಿರುಗಿಸಿದಳು. ಬರ ಬಂದದ್ದಕ್ಕೆ ಊರೆಲ್ಲ ಎದೆ ಬಡಿದುಕೊಳ್ಳುವಾಗ ತನಗೊಬ್ಬಳಿಗೆ ಮಾತ್ರ ಅದರಿಂದ ಏನೋ ಸಿಕ್ಕಿತು ಎಂಬುದನ್ನು ಅವಳು ಯಾರ ಮುಂದೆ ಹೇಳಲಿ? ಕಾಶೀರಾಮ ಪುಣೆಗೆ ಹೊರಟ ದಿನ ಬಸ್ ನಿಲ್ದಾಣದಲ್ಲಿ ಕಣ್ಣಿಗೆ ಸೆರಗು ಹಚ್ಚಿದ್ದಳು, ಅದು ಸುಳ್ಳಲ್ಲ, ನೀರೂ ಬಂದಿತ್ತು. ಆದರೆ ಮನೆಗೆ ಬಂದು ಚಾಪೆ ಹಾಸಿ ಮಲಗಿದವಳಿಗೆ ಎಂಥ ನಿದ್ದೆ! ಬಾಣಂತನದಲ್ಲೂ ಹಾಗೆ ಮಲಗಿದ್ದಿಲ್ಲ. ಬೆಳಿಗ್ಗೆ ಎದ್ದಾಗ ಹಗುರಾಗಿದ್ದಳು, ಹಗುರಾಗಿದ್ದೇನೆ ಎಂದು ಗೊತ್ತಾದ ಕೂಡಲೇ ನಾಚಿಕೆಯಾಯಿತು. ಅವನು ಕುಡಿಯುವವನಲ್ಲ, ಹೊಡೆದವನಲ್ಲ. ಹೊಡೆದಿದ್ದರೆ ಒಂದು ಲೆಕ್ಕಕ್ಕೆ ಬರುತ್ತಿತ್ತು, ನಾಲ್ಕು ಜನಕ್ಕೆ ಹೇಳಬಹುದಿತ್ತು. ಒಳ್ಳೆಯ ಗಂಡ ಮನೆಯಲ್ಲಿಲ್ಲದಿದ್ದರೆ ಉಸಿರು ಸಲೀಸಾಗಿ ಆಡುತ್ತದೆ ಎಂದು ಹೇಳುವ ಹೆಂಗಸು ಎಂಥವಳು? ಅವನು ಹೋದ ಮೇಲೆ ತಾನೊಬ್ಬಳೇ ಅಂಗಡಿ ತೆರೆದ ಮೊದಲ ದಿನ ಗಿರಾಕಿ ಬಂದು 'ಕಾಶೀರಾಮ ಇಲ್ಲೇನ್ರಿ' ಎಂದು ಕೇಳಿ, ಇಲ್ಲ ಎಂದ ಮೇಲೆ ಬಾಗಿಲಲ್ಲೇ ನಿಂತು, ಕೊನೆಗೆ ಬೇರೆ ದಾರಿ ಕಾಣದೆ ಅವಳ ಕಡೆಗೇ ಮುಖ ಮಾಡಿ ತನ್ನ ಅರ್ಜಿಯ ಮಾತು ಹೇಳಿದ್ದ. ಅವಳು ಟೈಪು ಮಾಡುತ್ತಿದ್ದವಳು ತಡೆದು 'ಇದು ಹಿಂಗ ಬ್ಯಾಡ, ಹಂಗ ಬರೀತೇನಿ, ಆಗಬಹುದೇನ್ರಿ' ಎಂದು ಕೇಳಿದಳು. ಅವನು ಆಗಬಹುದು ಎಂದ. ಅಷ್ಟೇ ನಡೆದದ್ದು. ಆ ದಿನ ರೊಟ್ಟಿ ತಟ್ಟುವಾಗ ಅವಳು ಹಾಡು ಗುನುಗಿದ್ದಳು.

ಬೀದರಿನಲ್ಲಿ ಹಳೇ ಬಸ್ ನಿಲ್ದಾಣದ ಹತ್ತಿರದ ಕಾಂಪ್ಲೆಕ್ಸಿನ ಮೆಟ್ಟಿಲು ಹತ್ತಿ ಅವಳು ಸಲಾವೋದ್ದೀನನ ಅಂಗಡಿಗೆ ಹೋದಾಗ ಅಲ್ಲಿ ಗಂಡಸರ ಗುಂಪಿತ್ತು. ಕಂಪ್ಯೂಟರ್ ಸಾಮಾನಿನ ಅಂಗಡಿ. ಗೋಡೆಯ ತುಂಬ ವೈರು, ಮೂಲೆಯಲ್ಲಿ ಹೊಟ್ಟೆ ಬಗೆದ ಹಳೇ ಡಬ್ಬಿಗಳ ಗುಡ್ಡೆ. ಎಣ್ಣೆ ಹಚ್ಚಿದ ಗಡ್ಡದ ಸಲಾವೋದ್ದೀನ ಎಲ್ಲರ ಜೊತೆಗೂ ಒಟ್ಟಿಗೆ ಮಾತಾಡುತ್ತಿದ್ದ, ಅವಳೊಬ್ಬಳನ್ನು ಬಿಟ್ಟು. ಅವಳು ಬಾಯಿ ತೆರೆದಾಗಲೆಲ್ಲ ಅವನ ಕಣ್ಣು ಅವಳ ಹೆಗಲ ಮೇಲಿಂದ ಹಿಂದಕ್ಕೆ ಹೋಗುತ್ತಿತ್ತು, ಜೊತೆಗೆ ಬಂದ ಗಂಡಸು ಇನ್ನೂ ಮೆಟ್ಟಿಲು ಹತ್ತುತ್ತಿರಬೇಕು ಎಂಬಂತೆ. ಮದುವೆಗೆ ಮುಂಚೆ ಅವಳು ಕಲಿತ ಭಾಲ್ಕಿಯ ಟೈಪಿಂಗ್ ಕ್ಲಾಸಿನ ಮಾಸ್ತರರ ಕಣ್ಣೂ ಹೀಗೇ ಇತ್ತು. ಅಲ್ಲಿ ಹುಡುಗಿಯೆಂದರೆ ಅವಳೊಬ್ಬಳೇ, ಅವಳ ಅಣ್ಣ ದಿನವೂ ಜೊತೆಗೆ ಬಂದು ಬೆಂಚಿನ ಮೇಲೆ ಕೂರುತ್ತಿದ್ದ. ಮಾಸ್ತರರು ಅವಳ ಕಾಗದವನ್ನು ರೋಲರಿನಿಂದ ಎಳೆದು ನೋಡಿ, ಅಣ್ಣನ ಕಡೆ ತಿರುಗಿ 'ನಿಮ್ಮ ತಂಗಿಗೆ ಸ್ಪೀಡ್ ಛಲೋ ಅದ, ಆದ್ರ ಎಡಗೈ ಸಡಲ ಬಿಡ್ತಾಳ, ಹೇಳ್ರಿ ಅಕಿಗೆ' ಎನ್ನುತ್ತಿದ್ದರು. ಅಣ್ಣ ಹೇಳುತ್ತಿದ್ದ. ಮಾಸ್ತರರ ಮಾತು ಕಿವಿಗೆ ಬಿದ್ದಿದ್ದರೂ ಅಣ್ಣ ಹೇಳುವ ತನಕ ಅವಳು ಎಡಗೈಯನ್ನು ಸರಿ ಮಾಡಿಕೊಳ್ಳುತ್ತಿರಲಿಲ್ಲ. ಹಾಗೆ ಕಾಯುವುದು ಮರ್ಯಾದೆ ಎಂದು ಯಾರೂ ಕಲಿಸಿರಲಿಲ್ಲ, ಆದರೂ ಗೊತ್ತಿತ್ತು.

'ಏನ್ ಬೇಕಿತ್ತಕ್ಕಾ?' ಕೊನೆಗೂ ಸಲಾವೋದ್ದೀನ ಕೇಳಿದ.

'ರ‍್ಯಾಮ್ ಬೇಕ್ರಿ.'

'ಯಾರಿಗೆ? ಮಿಷನ್ ಯಾರದು?'

ಕೌಂಟರಿನ ಮೇಲೆ ಪರ್ಸಿತ್ತು, ಪರ್ಸಿನ ಬಾಯಿಯ ಮೇಲೆ ಅವಳ ಕೈಯಿತ್ತು. ಗುಂಡಿ ಬಿಚ್ಚಿ ಹಳೆಯದನ್ನು ತೆಗೆದಿಟ್ಟು 'ಇಂಥಾದು ಕೊಡ್ರಿ' ಎಂದರೆ ಮುಗಿಯುತ್ತಿತ್ತು. ಆದರೆ ಅಲ್ಲಿದ್ದವರೆಲ್ಲ ಈಗ ಮಾತು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ತಾನೇ ಮಿಷನ್ ಬಿಚ್ಚಿ ತಂದೆ ಎಂದರೆ ಇವರು ನಗುತ್ತಾರೆ ಅನಿಸಿತು. ನಿನ್ನೆ ಟೆಂಪೋದವರು ನಕ್ಕದ್ದೇ ಸಾಕಾಗಿತ್ತು. ಬಾಯಿಂದ ಬೇರೆಯೇ ಮಾತು ಬಂತು. 'ನಮ್ಮ ಮನ್ಯಾಗಿನವರದ್ರಿ. ಅವರು ಕಂಪ್ಯೂಟರ್ ಕೆಲಸದಾಗೇ ಇರ್ತಾರ. ಅವರೇ ಕಳಸ್ಯಾರ.'

ಸಲಾವೋದ್ದೀನನ ಮುಖ ಅರಳಿತು, ಮಾತಾಡಲು ಒಬ್ಬ ಗಂಡಸು ಸಿಕ್ಕಿದ್ದ. 'ಹಂಗ ಮೊದಲೇ ಹೇಳಬಾರದೇನಕ್ಕಾ. ಸಾಹೇಬರಿಗೆ ಫೋನ್ ಹಚ್ರಿ, ನಾ ಕೇಳ್ತೀನಿ.' ಅವಳು ಹಚ್ಚಿಕೊಟ್ಟಳು. ಬೆರಳು ಹಚ್ಚಬೇಡ ಹಚ್ಚಬೇಡ ಎನ್ನುತ್ತಲೇ ಹಚ್ಚಿತು. ಅವನು ಸ್ಪೀಕರಿಗೆ ಹಾಕಿ ಫೋನನ್ನು ಕೌಂಟರಿನ ಮೇಲಿಟ್ಟ.

'ಸಾಹೇಬ, ಬೀದರದಿಂದ ಮಾತಾಡ್ಲತ್ತೀನಿ. ಅಕ್ಕೋರು ಬಂದಾರ. ನಿಮ್ಮ ಮಿಷನ್ನಿಗೆ ರ‍್ಯಾಮ್ ಯಾವುದು ಕೂಡ್ತದರಿ, ಡಿಡಿಆರ್ ಟೂ ಏನು ಥ್ರೀ?'

ಆ ಕಡೆ ಯಾವುದೋ ಗಾಡಿ ಹೋದ ಸದ್ದು ಕೇಳಿಸಿತು. ಅಕಿಗೇ ಕೇಳ್ರಿ ಅನ್ನಲಿ, ಒಂದೇ ಒಂದು ಸಲ ಅಕಿಗೇ ಕೇಳ್ರಿ ಅನ್ನಲಿ ಎಂದು ಕೇಶರಬಾಯಿ ಉಸಿರು ಹಿಡಿದಳು. ಕಾಶೀರಾಮ ಗಂಟಲು ಸರಿಮಾಡಿಕೊಂಡ.

'ಥ್ರೀ ಕೊಡ್ರಿ. ಹಳೇದೆಲ್ಲ ಯಾಕ ಕೇಳ್ತೀರಿ, ಥ್ರೀನೇ ಕೊಡ್ರಿ. ಮತ್ತ ಛಲೋ ಕಂಪನೀದು ಇರ್ಲಿ, ಹೆಂಗಸರು ಬಂದಾರಂತ ಏನರೆ ಕಟ್ಟಿ ಕಳಸಬ್ಯಾಡ್ರಿ.'

'ಅರೆ ಸಾಹೇಬ, ಹಂಗ ಮಾಡ್ತೀವೇನ್ರಿ!'

ತಪ್ಪು. ಅದು ತಪ್ಪೆಂದು ಅವಳಿಗೆ ಅಲ್ಲೇ, ಆ ಗಳಿಗೆಯಲ್ಲೇ ಗೊತ್ತಿತ್ತು. ಪರ್ಸಿನೊಳಗೆ ಚೀಟಿಯಿತ್ತು, ಚೀಟಿಯ ಮೇಲೆ ಟೂ ಎಂದಿತ್ತು. ಆದರೆ ಎಷ್ಟೋ ತಿಂಗಳ ಮೇಲೆ ಅವಳು ಗಂಡನ ಆ ದನಿ ಕೇಳಿದ್ದಳು, ಅಂಗಡಿಯಲ್ಲಿ ಗಿರಾಕಿಯ ಮುಂದೆ ಕೂತಾಗಿನ ಎದೆಯುಬ್ಬಿದ ದನಿ. ಪುಣೆಯಲ್ಲಿ ಅವನನ್ನು ಯಾರು ಏನು ಕೇಳುತ್ತಾರೆ? ಹಾರ್ನ್ ಒತ್ತುತ್ತಾರೆ, ಅವನು ಗೇಟು ತೆಗೆಯುತ್ತಾನೆ, ಗಾಜು ಏರಿಸಿಕೊಂಡೇ ಹೋಗುತ್ತಾರೆ. ಇವತ್ತು ಬೀದರಿನಿಂದ ಒಬ್ಬ ಅವನಿಗೆ ಸಾಹೇಬ ಎಂದು ಯಾವುದು ಬೇಕೆಂದು ಕೇಳಿದ್ದ. ಅಲ್ಲಿ ಬಾಯಿ ಹಾಕಿ 'ಅಲ್ರಿ, ನಿಮಗ ಗೊತ್ತಿಲ್ಲ' ಎನ್ನಲು ಅವಳ ನಾಲಿಗೆ ಏಳಲಿಲ್ಲ. ಅವಳೇ ಅವನನ್ನು ಈ ಕೌಂಟರಿನ ಮೇಲೆ ತಂದು ಕೂರಿಸಿದ್ದಳು, ಈಗ ಕೆಳಗೆ ಇಳಿಸುವುದು ಹೇಗೆ? ದುಡ್ಡು ಕೊಟ್ಟು, ಪ್ಲಾಸ್ಟಿಕ್ಕಿನಲ್ಲಿ ಸೀಲು ಮಾಡಿದ ಹೊಸ ರ‍್ಯಾಮನ್ನು ತೆಗೆದುಕೊಂಡು, ಮೆಟ್ಟಿಲಿಳಿದು ಔರಾದದ ಬಸ್ಸಿನಲ್ಲಿ ಕೂತಳು. ಯಾರೋ ಹೇಳಿದಂತೆ ಎಲ್ಲವನ್ನೂ ಒಂದೊಂದಾಗಿ ಮಾಡಿದಳು.

ಬಸ್ಸು ಊರು ದಾಟಿದ ಮೇಲೆ, ನೋಡುವ ಅವಶ್ಯಕತೆಯೇ ಇಲ್ಲದಿದ್ದರೂ ಅವಳು ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿದಳು. ಹಳೆಯದನ್ನೂ ಹೊಸದನ್ನೂ ತೊಡೆಯ ಮೇಲೆ ಒಂದರ ಪಕ್ಕ ಒಂದಿಟ್ಟಳು. ಉದ್ದ ಒಂದೇ, ಅಗಲ ಒಂದೇ. ಕೆಳಗಿನ ಹಲ್ಲಿನ ಸಾಲಿನಲ್ಲಿ ಒಂದು ಕಚ್ಚು ಇರುತ್ತದೆ, ಸಂದಿನೊಳಗೆ ಕೂರಲು. ಆ ಕಚ್ಚು ಇದರಲ್ಲಿ ಒಂದು ಕಡೆ, ಅದರಲ್ಲಿ ಸ್ವಲ್ಪ ಸರಿದು ಇನ್ನೊಂದು ಕಡೆ. ಎಷ್ಟು ಒತ್ತಿದರೂ ಕೂರುವುದಿಲ್ಲ. ಭಾನುವಾರ ಕಾಶೀರಾಮ ಬರುತ್ತಾನೆ, ಮಿಷನ್ನು ಮತ್ತೆ ಮೂಗಿನ ತನಕವೇ ಬಂದು ನಿಲ್ಲುತ್ತದೆ, 'ನಾ ಹೇಳಿದ್ನಲ್ಲ, ಈ ಮಿಷನ್ನಿಗೆ ಯಾವುದು ಹಾಕಿದ್ರೂ ಅಷ್ಟೇ' ಎನ್ನುತ್ತಾನೆ. ಅವನ ಮಾತು ಉಳಿಯುತ್ತದೆ. ಅವಳು ಮೀಟರ್ ಬೋರ್ಡಿನ ಪಕ್ಕದ ಕೋಣೆಗೆ ಹೋಗುತ್ತಾಳೆ, ಬೆಳಿಗ್ಗೆದ್ದು ಪಾವಟಿಗೆ ಒರೆಸುತ್ತಾಳೆ. ಆಗ ಅವಳಿಗೆ ಒಂದು ವಿಚಾರ ಬಂತು. ತಾನು ಸುಮ್ಮನಿದ್ದದ್ದು ಗಂಡನ ಮೇಲಿನ ಮರುಕದಿಂದಲೇ? ಅಥವಾ ಚಾಪೆಯ ಮೇಲೆ ಹಾಗೆ ಹಗುರಾಗಿ ಮಲಗಿದ್ದಕ್ಕೆ ತನಗೆ ತಾನೇ ಕೊಟ್ಟುಕೊಳ್ಳುತ್ತಿರುವ ಶಿಕ್ಷೆಯೇ ಇದು? ಹಾಗಾದರೆ ಅದು ಎಂಥ ಮೋಸ. ಅವನ ತಪ್ಪನ್ನು ಕೈಯಲ್ಲಿ ಹಿಡಿದುಕೊಂಡು, ಅವನಿಗೆ ಹೇಳದೆ, ಅದರ ಭಾರಕ್ಕೆ ತಾನು ಬಗ್ಗಿ, ಒಳ್ಳೆಯ ಹೆಂಡತಿ ಅನ್ನಿಸಿಕೊಳ್ಳುವುದು. ಆಮೇಲೆ ಜೀವನ ಪೂರ್ತಿ ಪಾವಟಿಗೆಯ ಒಂದೊಂದು ಕಲ್ಲಿಗೂ ಮನಸ್ಸಿನಲ್ಲಿ ಅವನನ್ನು ಬೈಯುವುದು. ಇಲ್ಲ, ಅದು ಬೇಡ. ಬೈಯುವುದಾದರೆ ಎದುರಿಗೇ ಬೈಯಬೇಕು. ಬಸ್ಸು ಜನವಾಡದಲ್ಲಿ ನಿಂತಿತ್ತು, ಯಾರೋ ಕುರಿಮರಿ ಹತ್ತಿಸುತ್ತಿದ್ದರು. ಕೇಶರಬಾಯಿ ಎದ್ದಳು.

'ಔರಾದದ ಟಿಕೀಟ ತಗೊಂಡು ಇಲ್ಲೇ ಇಳೀತೀರೇನು?' ಕಂಡಕ್ಟರ್ ಕೇಳಿದ.

'ಇಳೀತೇನ್ರಿ.'

'ರೊಕ್ಕ ವಾಪಸ್ ಬರಂಗಿಲ್ಲ ಮತ್ತ.'

'ಕೇಳ್ದೆನೇನ್ರಿ ನಾ?' ಎಂದಳು. ಅಷ್ಟು ಗಡುಸಾಗಿ ಬಂದ ತನ್ನ ದನಿಗೆ ಅವಳೇ ಸ್ವಲ್ಪ ಬೆದರಿದಳು. ಕಂಡಕ್ಟರ್ ಕುರಿಮರಿಯ ಕಡೆ ತಿರುಗಿಕೊಂಡ. ಎದುರಿನಿಂದ ಬಂದ ಬೀದರದ ಬಸ್ಸಿಗೆ ಕೈ ಮಾಡಿ ಹತ್ತಿದಳು. ಸೀಟು ಸಿಗಲಿಲ್ಲ, ಕಂಬಿ ಹಿಡಿದು ನಿಂತೇ ಹೋದಳು. ಹೋಗುವಷ್ಟು ಹೊತ್ತೂ ಮಾತನ್ನು ಬಾಯಲ್ಲಿ ಕೂಡಿಸುತ್ತಿದ್ದಳು, ಕೂಡಿಸಿದ ಮಾತು ಒಂದೊಂದು ಸ್ಟಾಪಿಗೂ ಕುಸಿಯುತ್ತಿತ್ತು. ತಿರುಗಿ ಹೋಗುವುದು ಕಷ್ಟವಲ್ಲ, ತಿರುಗಿ ಹೋಗಿ ಬಾಯಿ ತೆರೆಯುವುದು ಕಷ್ಟ. ಆದರೆ ಕಾಲು ಮಾತ್ರ ಕಾಂಪ್ಲೆಕ್ಸಿನ ಮೆಟ್ಟಿಲನ್ನು ತಡೆಯದೆ ಹತ್ತಿತು.

ಸಲಾವೋದ್ದೀನ ಹರಿದ ಪ್ಲಾಸ್ಟಿಕ್ಕನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದ. 'ಸೀಲ್ ಹರದದಲ್ಲಕ್ಕಾ. ಹ್ಯಾಂಗ ವಾಪಸ್ ತಗೊಳ್ಳಲಿ? ಸಾಹೇಬರೇ ಥ್ರೀ ಅಂದಾರ, ಎಲ್ಲರೂ ಕೇಳ್ಯಾರ.'

ಎಲ್ಲರೂ ಕೇಳಿದ್ದರು, ಅವರಲ್ಲಿ ಇಬ್ಬರು ಇನ್ನೂ ಅಲ್ಲೇ ನಿಂತಿದ್ದರು. ಕೇಶರಬಾಯಿ ಪರ್ಸು ತೆರೆದು, ಅರಿವೆ ಬಿಚ್ಚಿ, ಹಳೆಯ ಪಟ್ಟಿಯನ್ನು ಕೌಂಟರಿನ ಮೇಲಿಟ್ಟಳು. ಚೀಟಿಯಿದ್ದ ಮಗ್ಗುಲನ್ನು ಅವನ ಕಡೆ ತಿರುಗಿಸಿದಳು.

'ಸಾಹೇಬರು ಯಾರೂ ಇಲ್ರಿ. ಅವರು ಪುಣೆದಾಗ ಗೇಟ್ ಕಾಯ್ತಾರ. ಕಂಪ್ಯೂಟರ್ ಅವರಿಗೆ ಬರಂಗಿಲ್ಲ. ಮಿಷನ್ ನಾ ನಡಸ್ತೇನಿ, ಇದು ನಾನೇ ಬಿಚ್ಚಿ ತಂದೇನಿ. ಮುಂಜಾನೆ ನಿಮ್ಮ ಮುಂದ ಸುಳ್ಳ ಹೇಳ್ದೆ. ನನಗ ಟೂ ಬೇಕು.'

ಯಾರೂ ನಗಲಿಲ್ಲ. ಅವಳು ಬಹಳ ಹೆದರಿದ್ದ ನಗು ಬರಲೇ ಇಲ್ಲ. ನಿಂತವರಲ್ಲಿ ಒಬ್ಬ ಕೆಮ್ಮಿದ, ಇನ್ನೊಬ್ಬ ತನ್ನ ಫೋನು ನೋಡಿದ. ಸಲಾವೋದ್ದೀನ ಮಾತ್ರ ಇದ್ದಕ್ಕಿದ್ದಂತೆ ಸಿಡುಕಿದ, ಮೋಸ ಹೋದದ್ದು ತಾನು ಎಂಬಂತೆ. 'ಇದು ಪರ್ಸಿನಾಗೇ ಇತ್ತಂದ್ರ ಆವಾಗೇ ತೆಗೀಲಿಕ್ಕ ಏನಾಗಿತ್ರಿ? ನನ್ನ ಟೈಮ್ ಖರಾಬ್, ನಿಮ್ಮ ಟೈಮ್ ಖರಾಬ್.'

'ನೀವು ನನಗ ಎಲ್ಲಿ ಕೇಳಿದ್ರಿ? ಅವರಿಗೆ ಕೇಳಿದ್ರಿ' ಎಂದಳು. ಜಗಳಕ್ಕೆ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಅವನು ಗಡ್ಡ ಕೆರೆದುಕೊಂಡ. ಆ ಮೇಲೆ, ಟೂ ಈಗ ಹೊಸದು ಬರುವುದೇ ಇಲ್ಲ, ಬೇಕೆಂದರೆ ಹಳೇ ಮಿಷನ್ನಿಂದ ತೆಗೆದದ್ದು ಕೊಡುತ್ತೇನೆ, ಗ್ಯಾರಂಟಿ ಕೇಳಬಾರದು ಎಂದು ಗೊಣಗುತ್ತ ಮೂಲೆಯ ಗುಡ್ಡೆಗೆ ಹೋಗಿ ಹುಡುಕಿದ. ಒಂದು ಸಿಕ್ಕಿತು. ಅವಳು ಅದನ್ನು ತೆಗೆದುಕೊಂಡು ಹೋಗಲಿಲ್ಲ. 'ಹಚ್ಚಿ ತೋರಸ್ರಿ' ಎಂದಳು. ಅವನು ಪುರಸತ್ತಿಲ್ಲ ಎಂದ. ಅವಳು ಸ್ಟೂಲು ಎಳೆದುಕೊಂಡು ಕೂತಳು. ಇಬ್ಬರು ಗಿರಾಕಿಗಳು ಬಂದು ಹೋದರು, ಅವಳು ಕೂತೇ ಇದ್ದಳು. ಕೊನೆಗೆ ಅವನು ಬಯಲಿಗೆ ಬಿದ್ದಿದ್ದ ಒಂದು ಬೋರ್ಡಿಗೆ ಅವಳ ಹಳೆಯದರ ಜೊತೆ ಅದನ್ನು ಹಾಕಿ, ಪರದೆ ಬೆಳಗಿಸಿ, ರ‍್ಯಾಮಿನ ಅಂಕಿ ಎರಡರಷ್ಟಾದದ್ದನ್ನು ತೋರಿಸಿದ. ತೋರಿಸುವಾಗ ಅವನ ಕಣ್ಣು ಮೊದಲ ಸಲ ಅವಳ ಮುಖದ ಮೇಲೇ ಇತ್ತು. 'ಕೂಡಸೋವಾಗ ಎರಡೂ ಕಡಿ ಸಮ ಒತ್ರಿ. ಬಾಜೂಕಿನ ಕಿವಿ ತಾನೇ ಬಂದು ಟಕ್ ಅಂತ ಹಿಡೀಬೇಕು. ಹಿಡೀಲಿಲ್ಲಂದ್ರ ಜೋರ ಮಾಡಬ್ಯಾಡ್ರಿ, ತೆಗದು ರಬ್ಬರಿನಿಂದ ಹಲ್ಲ ತಿಕ್ಕಿ ಮತ್ತ ಹಾಕ್ರಿ.' ಅದರ ಬದಲಿಗೆ ಹರಿದ ಪ್ಲಾಸ್ಟಿಕ್ಕಿನ ಥ್ರೀಯನ್ನು ಅವನೇ ಡ್ರಾವರಿಗೆ ಎಸೆದುಕೊಂಡ. ಥ್ಯಾಂಕ್ಸ್ ಹೇಳಬೇಕು ಎಂದು ಅವಳಿಗೆ ನೆನಪಾದದ್ದು ರಸ್ತೆಗೆ ಬಂದ ಮೇಲೆ, ಅದಕ್ಕಾಗಿ ಮತ್ತೆ ಮೆಟ್ಟಿಲು ಹತ್ತಲಿಲ್ಲ.

ಔರಾದ ಮುಟ್ಟುವಾಗ ಬಿಸಿಲು ಇಳಿದಿತ್ತು. ಈ ಸಲ ಶಟರನ್ನು ಪೂರ್ತಿ ಎತ್ತಿದಳು. ಡಬ್ಬಿಯನ್ನು ಕಟ್ಟೆಗೆ ತಂದು ಅಡ್ಡ ಮಲಗಿಸಿ, ಧೂಳನ್ನು ಬಾಯಿಂದ ಊದಿ, ಬಣ್ಣ ಬಳಿಯುವ ಕುಂಚದಿಂದ ಗುಡಿಸಿದಳು. ಚಹದಂಗಡಿಯ ಸುಂದರಬಾಯಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಳು. 'ಎವ್ವಾ, ಇದೇನ್ ಕೋಳಿ ಬಗದಂಗ ಬಗದೀದಿ! ನಿನ್ನ ಗಂಡ ನೋಡಿದ್ರ ಏನಂತಾನ?' ಎಂದಳು. 'ಏನರೆ ಅನ್ಲಿ' ಎಂದು ಕೇಶರಬಾಯಿ ಹಳೆಯದನ್ನು ಅದರ ಜಾಗದಲ್ಲಿ ಕೂರಿಸಿದಳು, ಟಕ್ ಎಂದಿತು. ಪಕ್ಕದ ಸಂದಿಗೆ ಎರಡನೆಯದನ್ನು ಇಟ್ಟು ಎರಡೂ ಹೆಬ್ಬೆರಳಿನಿಂದ ಒತ್ತಿದಳು. ಒಂದು ಕಡೆ ಹಿಡಿಯಿತು, ಇನ್ನೊಂದು ಕಡೆ ಹಿಡಿಯಲಿಲ್ಲ. ಆದರೂ ಚಾಲೂ ಮಾಡಿ ನೋಡಿದಳು. ಮಿಷನ್ನು ಉದ್ದಕ್ಕೆ ಪೀಂ ಎಂದು ಅತ್ತಿತು, ಪರದೆ ಕಪ್ಪಗೇ ಉಳಿಯಿತು. ಸುಂದರಬಾಯಿ ಅಯ್ಯೋ ಎಂದಳು. ಆ ಅಯ್ಯೋ ಕೇಳಿದ ಕೇಶರಬಾಯಿಗೆ, ಮಿಷನ್ನೇ ಬೇಡ ಎನ್ನುತ್ತಿದೆ, ಸಾಕು ಬಿಡು ಎಂದು ಒಂದು ದನಿ ಹೇಳಿತು. ಆ ದನಿ ಗಂಡನದಾಗಿರಲಿಲ್ಲ, ಮಾಸ್ತರರದೂ ಅಲ್ಲ, ತನ್ನದೇ. ಅವಳು ಸ್ವಿಚ್ಚು ಆರಿಸಿದಳು. ವೈರು ಕಿತ್ತು, ಪಟ್ಟಿಯನ್ನು ತೆಗೆದು, ಪೆನ್ಸಿಲ್ಲಿನ ರಬ್ಬರಿನಿಂದ ಹಲ್ಲುಗಳನ್ನು ಹೊಳೆಯುವ ತನಕ ತಿಕ್ಕಿದಳು. ಸಂದಿನೊಳಗೆ ಮತ್ತೊಮ್ಮೆ ಊದಿದಳು. ಇಟ್ಟು ಒತ್ತಿದಳು. ಎರಡೂ ಕಿವಿ ಒಟ್ಟಿಗೆ ಎದ್ದು ಬಂದು ಹಿಡಿದವು. ಪರದೆ ಬೆಳಗಿ, ಅಂಕಿ ಏರಿ ಹಳೆಯದರ ಎರಡರಷ್ಟಕ್ಕೆ ನಿಂತಿತು. ಫೋಟೋದ ಸಾಫ್ಟ್‌ವೇರು, ಕನ್ನಡದ್ದು, ಇಂಟರ್ನೆಟ್ಟು, ಮೂರನ್ನೂ ಬೇಕೆಂದೇ ಒಟ್ಟಿಗೆ ತೆರೆದಳು. ತೆರೆದುಕೊಂಡವು. ಸುಂದರಬಾಯಿ ಚಹಾ ತರಲು ಹೋದಳು. ಕೇಶರಬಾಯಿಗೆ ಬಹಳ ಸಂತೋಷವಾಯಿತು, ಸುತ್ತ ಯಾರೂ ಇಲ್ಲದಿದ್ದದ್ದರಿಂದ ಮುಚ್ಚಿಕೊಳ್ಳದೆ ನಕ್ಕಳು.

ಫೋನು ಬಂದಾಗ ಹಣೆಯ ಧೂಳನ್ನು ಇನ್ನೂ ಒರೆಸಿಕೊಂಡಿರಲಿಲ್ಲ.

'ಕೂತಿತೇನು?' ಕಾಶೀರಾಮನ ದನಿಯಲ್ಲಿ ಮುಂಜಾನೆಯ ಗತ್ತು ಇನ್ನೂ ಇತ್ತು. 'ಥ್ರೀ ಅಂತ ಹೇಳಿದ್ನಲ್ಲ.'

ಹೂಂ ಎಂದುಬಿಡಬಹುದಿತ್ತು. ಮಿಷನ್ನು ನಡೆಯುತ್ತಿತ್ತು, ಯಾವುದು ಕೂತಿತು ಎಂದು ಡಬ್ಬಿ ಬಿಚ್ಚಿ ನೋಡುವವನಲ್ಲ ಅವನು. ಒಂದು ಹೂಂ ಅಂದರೆ ಅವನ ಮಾತೂ ಉಳಿಯುತ್ತಿತ್ತು, ಅಂಗಡಿಯೂ ಉಳಿಯುತ್ತಿತ್ತು.

'ಅದು ಕೂಡಂಗಿಲ್ರಿ. ನಮ್ಮದಕ್ಕ ಟೂ ಬೇಕು. ನೀವು ಹೇಳಿದ್ದು ತಪ್ಪಿತ್ತು. ನಾ ಮತ್ತ ಹೋಗಿ ಬದಲ ಮಾಡಿ ತಂದು ಹಾಕೇನಿ. ನಡೀಲತ್ತದ.'

ಕಾಶೀರಾಮ ತಿರುಗಿ ಕೇಳಿದ. 'ಟೂ ಅಂತ ನಿನಗ ಗೊತ್ತಿತ್ತೇನು, ಅಂವ ನನಗ ಕೇಳೋವಾಗ?'

'ಗೊತ್ತಿತ್ರಿ.'

'ಮತ್ತ ಯಾಕ ಹೇಳ್ಲಿಲ್ಲ?'

ಅದು ಸಿಟ್ಟಿನ ಪ್ರಶ್ನೆಯಾಗಿರಲಿಲ್ಲ. ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಇಷ್ಟು ವರ್ಷದಲ್ಲಿ ಅವನು ಅವಳಿಗೆ ಕೇಳಿದ ಮೊದಲ ಪ್ರಶ್ನೆ ಇದೇ ಇರಬೇಕು ಎಂದು ಅವಳಿಗೆ ಅನಿಸಿತು. ಆ ಒಂದು ಪ್ರಶ್ನೆಗೇ ತಾನು ಸೋಲಬಾರದು ಎಂದೂ ಅನಿಸಿತು.

'ಇನ್ನ ಮ್ಯಾಲ ಹೇಳ್ತೇನ್ರಿ' ಎಂದಳು.

'ಹಂಗಾರ ಹೇಳು.' ಅವನು ದನಿ ತಗ್ಗಿಸಿದ. ಗತ್ತು ಹೋಗಿತ್ತು, ಉಳಿದದ್ದು ಒಬ್ಬ ದಣಿದ ಮನುಷ್ಯನ ದನಿ. 'ನೀ ಬರಂಗಿಲ್ಲ, ತಿಳೀತು. ಇಲ್ಲಿ ನನಗೂ ಮನಸ್ಸ ಹತ್ತವಲ್ದು ಕೇಶರಾ. ನಾನೇ ಬಂದುಬಿಡ್ಲೇನು, ಊರಿಗೆ?'

ಹೇಳಬೇಕಾದ ಮಾತು ಯಾವುದೆಂದು ಅವಳಿಗೆ ಗೊತ್ತಿತ್ತು. ಬರ್ರಿ, ಮನಿ ನಿಮ್ಮದು, ಕೇಳೋದೇನದ. ಯಾವ ಹೆಂಡತಿಯಾದರೂ ಉಸಿರು ತೆಗೆದುಕೊಳ್ಳುವ ಮೊದಲೇ ಹೇಳುವ ಮಾತು. ಅದು ನಾಲಿಗೆಯ ತುದಿಗೆ ತಾನಾಗಿಯೇ ಬಂದು ನಿಂತಿತು. ಅದು ಸುಳ್ಳು ಎಂದೂ ಗೊತ್ತಿತ್ತು. ಅವನ ಮೇಲೆ ಅವಳಿಗೆ ಈಗ ಇದ್ದಷ್ಟು ಅಕ್ಕರೆ ಹಿಂದೆಂದೂ ಇರಲಿಲ್ಲ, ಅದೂ ನಿಜ.

'ಈಗ ಬ್ಯಾಡ್ರಿ' ಎಂದಳು. 'ಐತಾರ ಬಂದು ಊಟ ಮಾಡಿ ಹೋಗ್ರಿ. ಕಾಯಂ ಬರೋದು ಈಗ ಬ್ಯಾಡ. ಒಬ್ಬಾಕಿ ಇದ್ರ ನನಗ ಛಲೋ ಅನಸ್ತದ. ಬ್ಯಾಸರ ಮಾಡ್ಕೋಬ್ಯಾಡ್ರಿ, ಆದ್ರ ಖರೆ ಹೇಳ್ಲತ್ತೀನಿ.'

ಪುಣೆಯಲ್ಲಿ ಯಾರೋ ಹಾರ್ನ್ ಒತ್ತಿದರು. ಕಾಶೀರಾಮ 'ಗಾಡಿ ಬಂತು, ಗೇಟ್ ತೆಗೀಬೇಕು' ಎಂದ, ಆದರೆ ಫೋನು ಇಡಲಿಲ್ಲ. ಕಬ್ಬಿಣದ ಗೇಟು ನೆಲಕ್ಕೆ ಉಜ್ಜಿಕೊಂಡು ತೆರೆಯುವುದು ಕೇಳಿಸಿತು, ಗಾಡಿಯೊಂದು ನಿಧಾನವಾಗಿ ಒಳಗೆ ಹೋಯಿತು, ಯಾರೂ ಅವನ ಜೊತೆ ಮಾತಾಡಲಿಲ್ಲ, ಗೇಟು ಮತ್ತೆ ಉಜ್ಜಿಕೊಂಡು ಮುಚ್ಚಿತು. ಅವನು ಉಸಿರಾಡುತ್ತ ಅಲ್ಲೇ ನಿಂತಿದ್ದ, ಅವಳು ಮಾತು ಬದಲಿಸುತ್ತಾಳೇನೋ ಎಂದು ಕಾಯುತ್ತಿದ್ದ. ಕೇಶರಬಾಯಿ ಅಳುತ್ತಿದ್ದಳು, ಆದರೆ ಬದಲಿಸಲಿಲ್ಲ.